ವಾಣದ ಬಾಟಲಿ

೨೦೦೨ರ ಮಾರ್ಚ್ ಆರು, ಬುಧವಾರ. ಬೆಳಗ್ಗೆ ಒಂಬತ್ತೂವರೆಗೆ ಪುಣೆಯ ನಿಗಡಿ ಠಾಣೆಗೆ ಬಂದ ಗಾರೆ ಕೆಲಸದ ಗೌಂಡಿ ಭೀಮಣ್ಣ ಹನ್ನೊಂದಾದರೂ ಬಾಕಿನ ಮೇಲೆಯೇ ಕೂತಿದ್ದ. ಹವಾಲ್ದಾರ ದಿಗಂಬರನ ತಕರಾರು ಇಷ್ಟೇ: ಇವನ ಮನೆ ನಿಗಡಿಯಲ್ಲಿ, ಅಂದರೆ ನಮ್ಮ ಹದ್ದಿನಲ್ಲಿ, ಹೆಂಡತಿ ಮಲಗಿರುವ ಆಸ್ಪತ್ರೆ ಪಕ್ಕದ ಠಾಣೆಯ ಹದ್ದಿನಲ್ಲಿ, ಹಾಗಿದ್ದಮೇಲೆ ದೂರು ಯಾರದು? ಪಕ್ಕದ ಠಾಣೆಯವರೂ ಇದೇ ಮಾತಾಡಿ ಅವನನ್ನು ಇತ್ತ ಅಟ್ಟಿದ್ದರು.

ಇನ್ಸ್‌ಪೆಕ್ಟರ್ ಚನ್ನವೀರ ಒಳಗೆ ಬಂದವರೇ ವಿಷಯ ಕೇಳಿ ಹಣೆ ಉಜ್ಜಿಕೊಂಡರು. ಅಕ್ಕಲಕೋಟೆಯವರು, ಮನೆಮಾತು ಕನ್ನಡ. ಆ ಒಂದು ತಪ್ಪಿಗೆ, ಕನ್ನಡ ಮಾತಾಡುವ ಯಾರೇ ಬರಲಿ, ಇಡೀ ಠಾಣೆ ಕೈತೊಳೆದುಕೊಂಡು ಇವರ ಮೇಜಿನತ್ತ ಬೆರಳು ತೋರಿಸುತ್ತಿತ್ತು.

“ಏನಾಗೇದಪ್ಪಾ?”

“ನನ್ನ ಹೆಂಡ್ತಿಗೆ ಯಾರೋ ಏನೋ ಹಾಕ್ಯಾರ್ರಿ ಸಾಹೇಬ್ರ. ಎದಿ ಡವಡವ ಹೊಡಕೊಳ್ಳಾಕತ್ತೇದ, ಮೈ ಕೆಂಡ ಆಗೇದ. ಏನ ತಿನಿಸೀದಿ ಅಂತ ಡಾಕ್ಟರ್ ನನ್ನ ಕೇಳ್ತಾರ.”

“ಯಾರ ಮ್ಯಾಲ ಸಂಶಯ?”

“ಯಾರ ಮ್ಯಾಲೂ ಇಲ್ರಿ.”

“ಜಗಳಾ, ವೈರಾ?”

“ಇಲ್ರಿ.”

“ಮತ್ತ ಯಾರ ಹಾಕಿರಬೇಕು?”

“ಅದನ್ನ ನೀವ ಹೇಳಬೇಕ್ರಿ.”

ಚನ್ನವೀರ ದಿಗಂಬರನ ಕಡೆ ನೋಡಿದರು. ಅವನು ಚಾವಣಿ ನೋಡಿದ. ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಆಸ್ಪತ್ರೆಯ ಡಾಕ್ಟರ್ ಲೋಕನಾಥ ಬೆಂಗಳೂರಿನ ಕಡೆಯವರು. ಭೀಮಣ್ಣನ ಹೆಂಡತಿ ಶಿವಕಾಂತಾಳನ್ನು ಒಂದು ವರ್ಷದಿಂದ ನೋಡುತ್ತಿದ್ದವರು.

“ಈಕೆಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋ ಕಾಯಿಲೆ ಸಾರ್. ಗಂಟಲಲ್ಲಿ ಗಂಟುಗಳಿವೆ. ಮಾತ್ರೆ ಕೊಟ್ಟು ಡಿಸೆಂಬರ್‌ನಲ್ಲಿ ಕಂಟ್ರೋಲ್‌ಗೆ ತಂದಿದ್ದೆ. ಈಗ ನೋಡಿದ್ರೆ ಕೈಮೀರಿದೆ. ಎಲ್ಲಿಂದಲೋ ಅಯೋಡಿನ್ ಹೊಟ್ಟೆಗೆ ಹೋಗ್ತಿದೆ ಅಂತ ನನ್ನ ಅನುಮಾನ.”

“ಅಯೋಡಿನ್ ಅಂದ್ರ ಉಪ್ಪಿನ್ಯಾಗ ಇರೂದಲ್ರಿ? ದಿನಾ ಟೀವಿಯೊಳಗ ತಿನ್ರಿ ತಿನ್ರಿ ಅಂತಾರ.”

“ಉಪ್ಪಲ್ಲಿರೋದು ಸಾಸಿವೆ ಕಾಳಿಗಿಂತ ಕಡಿಮೆ. ಅಷ್ಟು ಬೇಕು. ಆದ್ರೆ ಹನಿ, ಗುಳಿಗೆ ಅಂತ ಬೇರೆ ತಗೋತಾರಲ್ಲ, ಗಟ್ಟಿ ದ್ರಾವಣ ಆದ್ರೆ ಒಂದೇ ಹನೀಲಿ ಒಂದು ತಿಂಗಳಿಗಾಗೋಷ್ಟು ಇರುತ್ತೆ. ಗಂಟು ಇರೋ ಗಂಟಲಿಗೆ ಅದು ಸಿಕ್ಕಿದ್ರೆ ಹಾರ್ಮೋನ್ ತಡೆಯಿಲ್ಲದೆ ಸುರಿಯುತ್ತೆ. ಕೆಲವರಿಗೆ ಉಲ್ಟಾ, ಗ್ರಂಥಿ ಕೆಲಸಾನೇ ನಿಲ್ಲಿಸಿಬಿಡುತ್ತೆ. ಪರೀಕ್ಷೆ ಮಾಡದೆ ಯಾರಿಗೂ ಕೊಡಬಾರದು.”

“ಬದುಕ್ತಾಳೇನ್ರಿ?”

“ಏನು ತಗೊಂಡರು, ಎಷ್ಟು ತಗೊಂಡರು ಅಂತ ತಿಳಿದ್ರೆ ಹೇಳಬಹುದು. ಆಕೆ ಬಾಯೇ ಬಿಡ್ತಿಲ್ಲ.”

ಚನ್ನವೀರ ಮಂಚದ ಪಕ್ಕ ನಿಂತು ಕೇಳಿದರು. ಶಿವಕಾಂತಾಳ ಕೈ ಹೊದಿಕೆಯ ಮೇಲೆ ಸುಮ್ಮನೆ ನಡುಗುತ್ತಿತ್ತು.

“ಏನ ತಗೋತಿದ್ದಿ ತಂಗಿ?”

“ಡಾಕ್ಟರ್ ಗುಳಿಗಿ ಅಷ್ಟ್ರಿ.”

“ಬ್ಯಾರೆ?”

“ಏನೂ ಇಲ್ರಿ.”

ಸಾಯುವ ಹೊತ್ತಿನಲ್ಲೂ ಪೊಲೀಸರಿಗೆ ಸುಳ್ಳು ಹೇಳಬೇಕೆನ್ನುವ ಹಟ ಈ ಜನಕ್ಕೆ ಎಲ್ಲಿಂದ ಬರುತ್ತದೋ ಎಂದು ಚನ್ನವೀರರಿಗೆ ರೇಗಿಹೋಯಿತು. ಸಂಜೆ ನಾಲ್ಕಕ್ಕೆ ಇಬ್ಬರು ಪಂಚರೊಂದಿಗೆ ಭೀಮಣ್ಣನ ಪತ್ರಾಸ್ ತಗಡಿನ ಮನೆಯ ಪಂಚನಾಮೆ ನಡೆಯಿತು. ಅಕ್ಕಿ ಡಬ್ಬಿಯ ಹಿಂದೆ ಡಾಕ್ಟರ್ ಕೊಟ್ಟ ಮಾತ್ರೆಗಳು ಹಾಗೆಯೇ ಇದ್ದವು. ದೇವರ ಮಾಡದಲ್ಲಿ, ಲಿಂಗದ ಕರಡಿಗೆಯ ಪಕ್ಕ, ಕಂದು ಬಣ್ಣದ ಸಣ್ಣ ಬಾಟಲಿಯೊಂದಿತ್ತು. ಮೈಗೆಲ್ಲ ಅರಿಶಿಣ ಕುಂಕುಮ. ಚೀಟಿ ಇಲ್ಲ, ಹೆಸರಿಲ್ಲ. ಮುಚ್ಚಳ ತೆಗೆದರೆ ಗಾಯಕ್ಕೆ ಹಚ್ಚುವ ಔಷಧದ ವಾಸನೆ.

“ಇದೇನೋ?”

“ತೀರ್ಥ ಇರಬೇಕು ಅಂದ್ಕೊಂಡಿದ್ದೆ ಸಾಹೇಬ್ರ. ಸಂಕ್ರಾಂತಿ ವಾಣದಾಗ ಬಂದದ್ದು,” ಎಂದ ಭೀಮಣ್ಣ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯಲ್ಲಿ ಮುತ್ತೈದೆಯರು ಒಬ್ಬರನ್ನೊಬ್ಬರು ಕರೆದು ಅರಿಶಿಣ ಕುಂಕುಮ ಕೊಡುತ್ತಾರೆ. ಜೊತೆಗೊಂದು ಸಾಮಾನನ್ನೂ ಕೊಡುತ್ತಾರೆ, ಅದೇ ವಾಣ. ಸ್ಟೀಲಿನ ಬಟ್ಟಲು, ಬಾಚಣಿಕೆ, ಸಾಬೂನಿನ ಡಬ್ಬಿ, ಏನಾದರೂ ಸರಿ. ವಾಣವನ್ನು ಒಲ್ಲೆ ಎನ್ನುವಂತಿಲ್ಲ, ಬಿಸಾಡುವಂತಿಲ್ಲ. ಡಾಕ್ಟರ್ ಎದುರು ಶಿವಕಾಂತಾಳ ಬಾಯಿ ಕಟ್ಟಿದ್ದು ಬಾಟಲಿ ಬಿಸಾಡಿಸುತ್ತಾರೆಂಬ ಈ ಭಯ ಎಂದು ಚನ್ನವೀರರಿಗೆ ಈಗ ತಿಳಿಯಿತು. ತಿಳಿದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ.

ಗುರುವಾರ ಬೆಳಗ್ಗೆ, ಠಾಣೆಗೆ ಹೊಸದಾಗಿ ಬಂದಿದ್ದ, ಕನ್ನಡ ಬಲ್ಲ ಮಹಿಳಾ ಕಾನ್‌ಸ್ಟೇಬಲ್ ರಂಜನಾಳನ್ನು ಕರೆದುಕೊಂಡು ಅವರು ಗಲ್ಲಿಯ ಬಾಗಿಲು ಬಾಗಿಲು ತಟ್ಟಿದರು. ಅಂಥ ಬಾಟಲಿ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇತ್ತು. ಕೊಟ್ಟವರು ಯಾರೆಂಬುದು ಮಾತ್ರ ಯಾರಿಗೂ ನೆನಪಿರಲಿಲ್ಲ. ಒಂದೇ ಸಂಜೆಗೆ ಹತ್ತು ಮನೆ ತಿರುಗಿದವರಿಗೆ ಯಾವ ಮನೆಯಲ್ಲಿ ಬಟ್ಟಲು, ಯಾವ ಮನೆಯಲ್ಲಿ ಬಾಟಲಿ ಎಂದು ಹೇಗೆ ನೆನಪಿರಬೇಕು? ಒಬ್ಬಳು ಎರಡು ಹನಿ ಕುಡಿಯುತ್ತಿದ್ದಳು, ಇನ್ನೊಬ್ಬಳು ಏಳು, ಮತ್ತೊಬ್ಬಳು ಕುಡಿಯದೆ ಮಂಡಿಗೆ ಹಚ್ಚಿಕೊಳ್ಳುತ್ತಿದ್ದಳು.

“ಇದು ಅಪಾಯ ಅದ. ನಮ್ಮ ಕೈಯಾಗ ಕೊಡ್ರಿ,” ಎಂದರು ಚನ್ನವೀರ, ಪ್ರತಿ ಬಾಗಿಲಲ್ಲೂ.

“ವಾಣ ಹೆಂಗ ಕೊಡೂದ್ರಿ ಸಾಹೇಬ್ರ?” ಎಂದರು ಅವರು, ಪ್ರತಿ ಬಾಗಿಲಲ್ಲೂ.

“ಶಿವಕಾಂತಾ ಸಾಯಾಕತ್ತಾಳ.”

“ಆಕಿಗೆ ಮೊದಲಿಂದ ಬ್ಯಾನಿ ಇತ್ತಲ್ರಿ.”

ಒಂದೇ ಒಂದು ಬಾಟಲಿ ಕೈಗೆ ಬರಲಿಲ್ಲ. ಕಸಿದುಕೊಂಡರೆ ದೇವರ ಮಾಡಕ್ಕೆ ಕೈಹಾಕಿದ ಪೊಲೀಸ್ ಎಂದು ಗಲ್ಲಿಗೆ ಗಲ್ಲಿಯೇ ಬೀದಿಗಿಳಿಯುತ್ತದೆ. ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಸಿದ್ದಾರೂಢನ ಹೆಂಡತಿ ಇಂದೂ, ಬಾಟಲಿ ಹಂಚಿದ್ದು ತಾನೇ ಎಂದು ಒಪ್ಪಿದಳು. ಶಿವಕಾಂತಾ ಇವಳ ಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದವಳು.

“ಎಲ್ಲಿಂದ ತಂದಿ?”

“ಬಸ್ ಸ್ಟಾಪಿನ್ಯಾಗ ಒಬ್ಬಾವ ಮಾರಾಕತ್ತಿದ್ದ.”

“ಹೆಂಗಿದ್ದ?”

“ಎಲ್ಲಾರ್ಹಂಗ ಇದ್ದ.”

ಎಲ್ಲರ ಹಾಗಿದ್ದವನನ್ನು ಹುಡುಕಲು ದಿಗಂಬರ ಹೊರಟ. ಮಧ್ಯಾಹ್ನ ಮೂರಕ್ಕೆ ತಲೆನೋವಿನ ಮುಲಾಮು ಮಾರುವ ಮುದುಕನೊಬ್ಬನನ್ನು ರಟ್ಟೆ ಹಿಡಿದು ತಂದು, ಆರೋಪಿ ಸಿಕ್ಕಿದ್ದಾನೆ ಸಾಹೇಬ ಎಂದು ಮರಾಠಿಯಲ್ಲಿ ಹೇಳಿ ಸೆಲ್ಯೂಟ್ ಹೊಡೆದ. ಆ ಮುದುಕ ಸಂಕ್ರಾಂತಿಗೆ ಪಂಢರಪುರದಲ್ಲಿದ್ದವನು. ಅವನಿಗೆ ಚಹಾ ಕುಡಿಸಿ, ಕ್ಷಮೆ ಕೇಳಿ, ರಿಕ್ಷಾ ಹತ್ತಿಸುವುದರಲ್ಲಿ ಇನ್ನೊಂದು ತಾಸು ಹಾಳಾಯಿತು. ಆಸ್ಪತ್ರೆಯಿಂದ ಫೋನ್ ಬಂತು: ಶಿವಕಾಂತಾಳಿಗೆ ಈಗ ಮಾತು ತಪ್ಪುತ್ತಿದೆ.

ಚನ್ನವೀರ ರಿಸೀವರನ್ನು ಕುಕ್ಕಿ ಇಟ್ಟರು. “ಒಬ್ಬರಾದ್ರೂ, ಈ ಊರಾಗ ಒಬ್ಬರಾದ್ರೂ ಖರೇ ಮಾತಾಡ್ತಾರೇನು?”

“ಸಾಹೇಬ್ರ,” ಎಂದಳು ರಂಜನಾ, “ಗಲ್ಲಿ ಕೊನೀಗೆ ರಾಧಾಬಾಯಿ ಅಂತ ಒಬ್ಬಾಕಿ ಇದ್ದಾಳ. ಗಂಡ ಇಲ್ಲ. ವಾಣಕ್ಕ ಆಕಿನ್ನ ಯಾರೂ ಕರಿಯೂದಿಲ್ಲ, ಅದಕ್ಕ ಆಕಿ ಕಡೆ ಬಾಟ್ಲಿ ಇಲ್ಲ. ನಾ ಸುಮ್ಮನ ‘ಬಾಯಾರ, ಒಬ್ಬಾಕಿ ಏಳು ಹನಿ ಕುಡೀತಾಳ ನೋಡ್ರಿ’ ಅಂದೆ. ಆಕಿ ತಟ್ನ ‘ಏಳಲ್ಲ, ಹಾಲಿನ್ಯಾಗ ಮೂರ ಹನಿ’ ಅಂದ್ಳು.”

ಬಾಟಲಿಯೇ ಸಿಗದವಳಿಗೆ ಹನಿಯ ಲೆಕ್ಕ ಹೇಗೆ ಗೊತ್ತು? ಚನ್ನವೀರ ಆಗಲೇ ಎದ್ದು ಟೋಪಿ ಹಾಕಿಕೊಂಡಿದ್ದರು.

ಮೊದಲು ಇಂದೂಳ ಮನೆ. ಈ ಸಲ ಅವರು ಕೂರಲೂ ಇಲ್ಲ.

“ರಾಧಾಬಾಯಿ ಮಾಡಿದ್ದು. ಹೌದೋ ಅಲ್ಲೋ?”

ಇಂದೂ ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದಳು. “ಕೈ ಮುಗಿತೀನ್ರಿ, ಹೊರಗ ಹೇಳಬ್ಯಾಡ್ರಿ. ಆಕಿ ಫ್ಯಾಕ್ಟರಿ ದವಾಖಾನಿಯೊಳಗ ಔಷಧ ಕಲಸಾಕಿ ಇದ್ಳು. ಗಂಟಲಿಗೆ, ಶಕ್ತಿಗೆ ಭಾಳ ಛಲೋ ಅಂದ್ಳು, ರೊಕ್ಕಾ ಬ್ಯಾಡ ಅಂದ್ಳು. ಗಂಡ ಇಲ್ಲದಾಕಿ ಕೈದು ಮುತ್ತೈದೇರ ಉಡಿಯೊಳಗ ಹಾಕೀನಿ ಅಂತ ತಿಳಿದ್ರ ನನ್ನ ಹೊಸ್ತಿಲಾ ಯಾರ ತುಳೀತಾರ್ರಿ?”

“ಅದಕ್ಕ ಆ ಹೆಣ್ಮಗಳು ಸಾಯ್ಲಿ?”

ಎರಡು ದಿನ ಓಡಾಡಿಸಿದ ಗುಟ್ಟು ಇದು. ಚನ್ನವೀರರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ರಾಧಾಬಾಯಿ ಐವತ್ತು ದಾಟಿದ, ನೆಟ್ಟಗೆ ಕೂರುವ ಹೆಂಗಸು. ಒಂದನ್ನೂ ಮುಚ್ಚಿಡಲಿಲ್ಲ. ಅಯೋಡಿನ್ ಹರಳು ಎಷ್ಟು, ನೀರು ಎಷ್ಟು, ಎಲ್ಲ ಹೇಳಿದಳು. ಚನ್ನವೀರ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದರು. ಆಮೇಲೆ ಪ್ರಶ್ನೆ ಮುಂದುವರಿಯಿತು.

“ಶಿವಕಾಂತಾ ನಿಮ್ಮ ಕಡೆ ಬಂದಿದ್ಳೇನು?”

“ಬಂದಿದ್ಳು. ಎದಿ ಹೊಡಕೊಳ್ತದ ಅಂದ್ಳು. ಔಷಧ ಹತ್ತಾಕತ್ತೇದ, ಆರ ಹನಿ ಮಾಡು, ಆ ಇಂಗ್ಲಿಷ್ ಗುಳಿಗಿ ಬಿಡು ಅಂದೆ.”

“ಡಾಕ್ಟರ್ ಕೊಟ್ಟ ಗುಳಿಗಿ ಬಿಡಸಾಕ ನೀವ್ಯಾರು?”

“ನನ್ನ ಮಗಳ ಗಂಟಲಾ ಹಿಂಗ ಉಬ್ಬಿತ್ತು. ಇದರಿಂದನ ಇಳೀತು.”

“ನಿಮ್ಮ ಮಗಳಿಗೆ ಅಯೋಡಿನ್ ಕಡಿಮಿ ಇದ್ದಿರಬೇಕು, ಅದಕ್ಕ ಇಳೀತು. ಇಕಿ ಬ್ಯಾನಿನ ಬ್ಯಾರೆ. ಗಂಟಲಾ ಉಬ್ಬಿದಾರಿಗೆಲ್ಲಾ ಒಂದ ಔಷಧ ಅಂತ ನಿಮಗ ಯಾರ ಹೇಳಿದ್ರು?”

ಅವಳು ಮೊದಲ ಸಲ ತಲೆ ಕೆಳಗೆ ಹಾಕಿದಳು. ಸಂಜೆ ಐದೂಮುಕ್ಕಾಲಿಗೆ, ರಂಜನಾಳ ಸಮಕ್ಷಮ, ಬಂಧನ. ಪ್ರಾಣಕ್ಕೆ ಅಪಾಯ ತರುವ ಕೃತ್ಯ, ಪರವಾನಗಿ ಇಲ್ಲದೆ ಔಷಧ ತಯಾರಿಕೆ.

ಜೀಪು ಗಲ್ಲಿ ದಾಟುವಷ್ಟರಲ್ಲಿ ಸುದ್ದಿ ಅದನ್ನು ಹಿಂದೆ ಹಾಕಿತ್ತು. ಶುಕ್ರವಾರ ಬೆಳಗ್ಗೆ ಠಾಣೆಯ ಬಾಗಿಲಿಗೆ ಹೆಂಗಸರ ಸಾಲು ಹತ್ತಿತು. ಅಪಾಯ ಎಂದು ಬೇಡಿಕೊಂಡಾಗ ಒಂದನ್ನೂ ಕೊಡದವರು, ವಿಧವೆಯ ಕೈಯದು ಎಂದು ತಿಳಿದದ್ದೇ ತಡ, ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ, ಸೆರಗಿನ ತುದಿಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟು, ಹೊರಗಿನ ನಳದಲ್ಲಿ ಕೈ ತೊಳೆದು ಹೋದರು. ಎಲ್ಲ ಬಾಟಲಿಗಳ ಕುಂಕುಮವನ್ನೂ ತಿಕ್ಕಿ ಒರೆಸಿದ್ದರು. ರಕ್ತ ಪರೀಕ್ಷೆಗೆ ನಡೆಯಿರಿ ಎಂದರೆ ಮತ್ತೆ ಹಿಂಜರಿದರು. ಚನ್ನವೀರ ಗಂಟಲು ಹರಿಯುವಂತೆ ಕೂಗಿ ಅವರನ್ನು ವ್ಯಾನಿಗೆ ಹತ್ತಿಸಿದರು. ಇಬ್ಬರ ಎದೆಬಡಿತ ಆಗಲೇ ಹದ ತಪ್ಪಿತ್ತು.

ಹನ್ನೊಂದಕ್ಕೆ ಡಾಕ್ಟರ್ ಫೋನ್ ಮಾಡಿದರು. ಶಿವಕಾಂತಾ ಕಣ್ಣು ತೆರೆದು ಗಂಡನ ಹೆಸರು ಹಿಡಿದು ಕೂಗಿದ್ದಳು. ಉಳಿಯುತ್ತಾಳೆ.

ಚನ್ನವೀರ ಅದನ್ನು ರಾಧಾಬಾಯಿಗೆ ಹೇಳಿದರು. ಕೋರ್ಟಿಗೆ ಹೊರಡಲು ಎದ್ದಿದ್ದ ಅವಳು ಕಣ್ಣು ಮುಚ್ಚಿ ಕೈಮುಗಿದಳು. ಅವಳು ಕೂತಿದ್ದ ಕೋಣೆಗೆ ಸಾಲೂ ಕಾಣುತ್ತಿತ್ತು, ನಳವೂ ಕಾಣುತ್ತಿತ್ತು.

“ಯಾಕ ಮಾಡಿದ್ರಿ ಇದನ್ನ?” ಎಂದರು ಅವರು. ಈ ಸಲ ದನಿಯಲ್ಲಿ ಖಾರ ಇರಲಿಲ್ಲ, ದಣಿವಿತ್ತು.

“ನನ್ನ ಇಪ್ಪತ್ನಾಕನೇ ವಯಸ್ಸಿಗೆ ಗಂಡ ಹೋದ್ರು. ಆವತ್ತಿನಿಂದ ನನ್ನ ಕೈಲೆ ಯಾರೂ ಒಂದು ಚಿಟಿಕಿ ಕುಂಕುಮ ತಗೊಂಡಿಲ್ರಿ. ಹೆತ್ತ ಮಗಳ ಮದುವಿಯೊಳಗೂ ಅರಿಶಿಣ ಹಚ್ಚಾಕ ಬಿಡಲಿಲ್ಲ.” ಅವಳ ನೋಟ ಮೇಜಿನ ಮೇಲಿನ ಬಾಟಲಿಗಳ ಮೇಲೆ ನಿಂತಿತು. “ಅವು ತುಂಬೇವೇನ್ರಿ?”

ಚನ್ನವೀರ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಇನ್ನೊಂದನ್ನೂ ಹಿಡಿದರು.

“ಇಲ್ಲ. ಎಲ್ಲಾ ಅರ್ಧಕ್ಕ ಬಂದಾವ.”

“ಎರಡು ತಿಂಗಳಾ ದಿನಾ ತಗೊಂಡಾರ,” ಎಂದಳು ರಾಧಾಬಾಯಿ. “ದೇವರ ಮುಂದ ಇಟ್ಟ ತಗೊಂಡಾರ.”