ಮೂರನೇ ಭಾನುವಾರದ ಸೈಕಲ್

"ಇಳೀರಿ! ಮೊದ್ಲು ಕೆಳಗಿಳೀರಿ!"

ಯಶವಂತಪುರದ ಮಾರುಕಟ್ಟೆ ಬೀದಿಯಲ್ಲಿ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ವೆಂಕಟಲಕ್ಷ್ಮಿಯ ಮೇಲೆ ಕೂಗಿದ.

ಅವಳು ಬೆಚ್ಚಿ ಕಾಲನ್ನು ನೆಲಕ್ಕೆ ಊರಿದಳು. ಸೈಕಲ್ಲು ಮಾರುವ, ಬಾಡಿಗೆಗೂ ಕೊಡುವ ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದ ಬಾಡಿಗೆ ಸೈಕಲ್ಲುಗಳಲ್ಲಿ ಗಟ್ಟಿಯಾಗಿ ಕಂಡದ್ದೊಂದನ್ನು ತೆಗೆದು, ಯಾರನ್ನೂ ಕೇಳದೆ ಹತ್ತಿ ಕೂತಿದ್ದಳು.

ಗ್ರೀಸು ಮೆತ್ತಿದ ಕೈಗಳಲ್ಲಿ ಅವನು ಓಡಿ ಬಂದು ಹ್ಯಾಂಡಲ್ ಹಿಡಿದ.

"ಇದ್ರ ಬ್ರೇಕ್ ಬಿಚ್ಚಿಟ್ಟಿದೀನಿ! ಮುಂದೆ ಇಳಿಜಾರು, ಆ ಕಡೆ ಲಾರಿ. ಕಣ್ಣು ಕಾಣಲ್ವೇನ್ರೀ?"

"ಕಾಣುತ್ತೆ! ಬ್ರೇಕ್ ಇಲ್ಲದ್ದನ್ನ ಒಳಗಿಡ್ಬೇಕು ಅಂತ ನಿಮಗೆ ಗೊತ್ತಾಗಲ್ವಾ?"

ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇದು ನನ್ನ ದನಿಯೇ?

ಮೂರು ವರ್ಷದಿಂದ ಅವಳೆದುರು ಯಾರೂ ದನಿ ಎತ್ತಿರಲಿಲ್ಲ. ಜ್ವರ ಬಂದ ಒಂಬತ್ತನೇ ದಿನಕ್ಕೆ ಗಂಡ ತೀರಿಕೊಂಡಾಗಿನಿಂದ ಎಲ್ಲರೂ ಅವಳೊಡನೆ ಮೆಲ್ಲಗೆ ಮಾತಾಡುತ್ತಿದ್ದರು, ರೋಗಿ ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ. ಅವಳೂ ಅಷ್ಟೇ ಮೆಲ್ಲಗೆ ಉತ್ತರಿಸುತ್ತಿದ್ದಳು. ಮೂರು ವರ್ಷವಾದ ಮೇಲೆ ಒಬ್ಬ ಬೈದಿದ್ದ... ಅವಳು ತಿರುಗಿ ಬೈದಿದ್ದಳು!

ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿ ಜಹೀರ್ ತಲೆ ಹೊರಗೆ ಹಾಕಿದ.

"ಲಕ್ಕಣ್ಣ, ಬೆಳಿಗ್ಗೇನೇ ಗಿರಾಕಿ ಮೇಲೆ ಬಿದ್ಯಲ್ಲಪ್ಪ! ನೀನು ಸೈಕಲ್ ಇಟ್ಟಿದೀಯೋ, ಪೊಲೀಸ್ ಠಾಣೆ ಇಟ್ಟಿದೀಯೋ?"

ಲಕ್ಕಣ್ಣ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಅವಳ ಬೋಳು ಹಣೆ ಈಗ ಅವನ ಕಣ್ಣಿಗೆ ಬಿದ್ದಿತ್ತು. ಆದರೂ ಅವನ ದನಿ ಮೆತ್ತಗಾಗಲಿಲ್ಲ. ಅದು ಅವಳಿಗೆ ಹಿಡಿಸಿತು.

"ಯಾವ ಥರದ್ದು ಬೇಕು?"

"ಮೈಗೆ ಹೊಂದೋ ಅಂಥದ್ದು."

ಹಾಗೆ ಹೇಳಿ ಕಳಿಸಿದವರು ಡಾಕ್ಟರಮ್ಮ. ವೆಂಕಟಲಕ್ಷ್ಮಿಗೆ ಇಪ್ಪತ್ತೇಳು ವರ್ಷ. ಬಿ.ಎಸ್ಸಿ. ಓದಿದವಳು, ಜಾಲಹಳ್ಳಿಯ ಕಾರ್ಖಾನೆ ವಸತಿಯ ಶಾಲೆಯಲ್ಲಿ ವಿಜ್ಞಾನದ ಟೀಚರು. ಶಾಲೆಯಿಂದ ಮನೆ, ಮನೆಯಿಂದ ಶಾಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಾತ್ರೆ ಕೇಳಲು ಹೋದರೆ ಡಾಕ್ಟರಮ್ಮ ಪೆನ್ನನ್ನೇ ಮುಚ್ಚಿದ್ದರು.

"ಕಾಲೇಜಿಗೆ ಸೈಕಲ್ಲಲ್ಲಿ ಹೋಗ್ತಿದ್ದೆ ಅಂದ್ಯಲ್ಲ, ಮತ್ತೆ ತುಳಿ. ಬೆವರು ಬರ್ಬೇಕು. ಆದ್ರೆ ನೋಡ್ಕೊಂಡು ತಗೋ. ಹೊಂದದ್ದು ತಗೊಂಡ್ರೆ ಸೊಂಟ ಹಿಡ್ಕೊಂಡು ತಿರುಗಿ ನನ್ನ ಹತ್ರಾನೇ ಬರ್ತೀಯ."

ಅತ್ತೆ ಅಕ್ಕಯ್ಯಮ್ಮನಂತೂ ಬಾಗಿಲಿನವರೆಗೆ ಬಂದು ತಳ್ಳಿದ್ದರು. "ಓಗವ್ವ, ಒಸಿ ಗಾಳಿ ಕುಡ್ಕಂಡು ಬಾ. ಮನೇಲಿ ಕುಂತು ಕುಂತು ಗೋಡೆ ಆಗೋದೆ."

ಲಕ್ಕಣ್ಣ ಒಂದು ಲೇಡೀಸ್ ಸೈಕಲ್ ತಂದು ನಿಲ್ಲಿಸಿದ. ಸೀರೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಬಲೆ ಕಟ್ಟಿತ್ತು.

"ಮೊಣಕೈನ ಸೀಟಿನ ತುದಿಗೆ ಇಡಿ. ಬೆರಳು ಹ್ಯಾಂಡಲ್‌ಗೆ ಮುಟ್ಬೇಕು. ಮುಟ್ತಾ? ಈಗ ಕೂತ್ಕೊಂಡು ಹಿಮ್ಮಡೀನ ಪೆಡಲ್ ಮೇಲಿಡಿ. ಕಾಲು ನೆಟ್ಟಗಾದ್ರೆ ಸೀಟಿನ ಎತ್ತರ ಸರಿ."

ಹೇಳಿದವನು ತಕ್ಷಣ ರಸ್ತೆಯ ಕಡೆಗೆ ಮುಖ ತಿರುಗಿಸಿ ನಿಂತ. ಅವಳು ಸೀರೆ ಸರಿಮಾಡಿಕೊಂಡು, ಅಳತೆ ನೋಡಿ, ಇಳಿಯುವವರೆಗೂ ಅವನು ತಿರುಗಲಿಲ್ಲ.

"ಒಂದು ಅರ್ಧ ಗಂಟೆ ತುಳಿದು ಬನ್ನಿ. ಅಂಗಡೀಲಿ ಎಲ್ಲ ಸೈಕಲ್ಲೂ ಹಿತವಾಗೇ ಇರುತ್ತೆ. ರಸ್ತೇಲಿ ನಿಜ ಗೊತ್ತಾಗೋದು."

ಅವಳು ಹೆಬ್ಬಾಳದ ದಿಕ್ಕಿಗೆ ಹೋಗಿ, ಬೆವರಿ, ಕೆಂಪಾಗಿ ಹಿಂದಿರುಗಿದಳು. ಲಕ್ಕಣ್ಣ ಎದುರು ಬಂದ.

"ಎಲ್ಲಿ ನೋವಾಯ್ತು?"

ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದ ವೆಂಕಟಲಕ್ಷ್ಮಿ ತಿರುಗಿ ನೋಡಿದಳು. ಸಾವಿನ ಮನೆಗೆ ಬಂದವರೆಲ್ಲ ಧೈರ್ಯ ತಂದುಕೋ ಅಂದಿದ್ದರು. ದೇವರಿದ್ದಾನೆ ಅಂದಿದ್ದರು. ಈ ಮಾತನ್ನು ಯಾರೂ ಕೇಳಿರಲಿಲ್ಲ.

"ಸೊಂಟದಲ್ಲಿ," ಅಂದಳು ಕಷ್ಟಪಟ್ಟು.

"ಹಾಗಾದ್ರೆ ಇದು ಬೇಡ. ಮುಂದಿನ ವಾರ ಇನ್ನೊಂದು ನೋಡೋಣ."

ಎರಡನೇ ಭಾನುವಾರ ಮಣಿಕಟ್ಟು ನೋವಾಯಿತು. ಹ್ಯಾಂಡಲ್ ದೂರವಾಯಿತು ಅಂದ. ಮೂರನೇ ಭಾನುವಾರ ಹಸಿರು ಬಣ್ಣದ್ದೊಂದನ್ನು ಕೊಟ್ಟ. ಅಗಲವಾದ ಸ್ಪ್ರಿಂಗ್ ಸೀಟು, ತೋಳು ಚಾಚಿದಷ್ಟಕ್ಕೇ ಸಿಗುವ ಹ್ಯಾಂಡಲ್. ಹೆಬ್ಬಾಳದ ಕೆರೆಯ ಏರಿಯ ಮೇಲೆ ಅದು ಸದ್ದಿಲ್ಲದೆ ಹರಿಯಿತು. ಗಾಳಿ ಎದೆಯೊಳಗೆ ಇಳಿಯಿತು.

"ಎಲ್ಲಿ ನೋವಾಯ್ತು?"

"ಎಲ್ಲೂ ಇಲ್ಲ."

ಅಂದವಳಿಗೆ ಯಾಕೋ ಮನಸ್ಸು ಮುದುಡಿತು. ಇನ್ನು ಮುಂದಿನ ಭಾನುವಾರ...?

ಲಕ್ಕಣ್ಣ ಸೈಕಲ್ಲಿನ ಸುತ್ತ ಎರಡು ಸುತ್ತು ಬಂದ. ತಲೆ ಕೆರೆದುಕೊಂಡ.

"ಇದೂ ಬೇಡ. ಹ್ಯಾಂಡಲ್ ಬಾಗು ಸರಿಯಿಲ್ಲ. ಇವತ್ತು ಗೊತ್ತಾಗಲ್ಲ, ತಿಂಗಳಾದ ಮೇಲೆ ಭುಜ ಹಿಡ್ಕೊಳ್ಳುತ್ತೆ."

"ಹೌದಾ?" ಅಂದಳು. ತನ್ನ ದನಿಯಲ್ಲಿದ್ದ ನಿರಾಳ ಅವಳಿಗೇ ಕೇಳಿಸಿತು.

ಹೀಗೆ ಎಂಟು ಭಾನುವಾರ. ಒಂದರ ಸೀಟು ಗಟ್ಟಿ, ಇನ್ನೊಂದರ ಪೆಡಲು ಚಿಕ್ಕದು. ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುವಾಗ ಅವನು ತನ್ನ ವಿಷಯ ಹೇಳಿದ. ಬಾಗಲಗುಂಟೆಯವನು. ಜಮೀನು ಕಾರ್ಖಾನೆಗೆ ಹೋಯಿತು. ಮೂವರು ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಅವನಿಗೆ ಮೂವತ್ತೆರಡಾಯಿತು, ಹೆಣ್ಣು ನೋಡುವವರೂ ಇಲ್ಲವಾದರು. ಅಡುಗೆ ತಾನೇ ಮಾಡಿಕೊಳ್ಳುತ್ತಾನೆ. "ಸಾರು ಮಾಡಿದ್ರೆ ಮೂರು ದಿನ ಅದೇ ಸಾರು," ಅಂದು ನಕ್ಕ. ಅವಳು ನಗಲಿಲ್ಲ. ಒಬ್ಬರಿಗೇ ಅಡುಗೆ ಮಾಡಿಕೊಂಡು ಉಣ್ಣುವವರ ಮನೆಯ ಮೌನ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತೆ ತಮ್ಮ ಮಗಳ ಮನೆಗೆ ಹೋದ ದಿನಗಳಲ್ಲಿ ಅವಳೂ ಹಾಗೇ ಉಂಡವಳು.

ಎಂಟನೇ ಭಾನುವಾರ ಜಹೀರ್ ಯಂತ್ರ ನಿಲ್ಲಿಸಿ ಕೂಗಿದ.

"ಏನ್ ಗುರು, ಟೀಚರಮ್ಮಂಗೆ ಇನ್ನೂ ಸೈಕಲ್ ಸಿಕ್ಲಿಲ್ವಾ? ಮದುವೆಗೆ ಗಂಡು ನೋಡೋಕೂ ಇಷ್ಟು ದಿನ ಆಗಲ್ಲ ಕಣಪ್ಪ!"

ಬೀದಿಯಲ್ಲಿದ್ದ ನಾಲ್ಕು ಜನ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ. ಆದರೂ ವೆಂಕಟಲಕ್ಷ್ಮಿಯ ಮುಖ ಕಳೆಗುಂದಿತು. ಊರಿಗೆಲ್ಲ ಕಾಣುತ್ತಿದೆಯೇ? ನಾನು ಏನು ಮಾಡುತ್ತಿದ್ದೇನೆ ಇಲ್ಲಿ?

"ನಂಗೆ ಇವತ್ತೇ ಸೈಕಲ್ ಬೇಕು," ಅಂದಳು. "ಹೊಸದು. ಆ ಹಸಿರು ಥರದ್ದೇ ಕೊಟ್ಬಿಡಿ."

ಲಕ್ಕಣ್ಣ ಅದನ್ನು ತರಲು ಒಳಗೆ ಹೋದ.

ಆ ಹೊತ್ತಿಗೆ ಸರಿಯಾಗಿ ಮಾಕಳಿಯ ರೈತ ಮುನಿಆಂಜಿನಪ್ಪ ತಾನು ಕೊಂಡ ಹೊಸ ಸೈಕಲ್ ಒಯ್ಯಲು ಬಂದ. ಲಕ್ಕಣ್ಣ ಅದರ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟ. ಅಂಗಡಿಯಿಂದ ಹೋಗುವ ಪ್ರತಿ ಹೊಸ ಸೈಕಲ್ಲಿಗೂ ಅದೇ ಶಾಸ್ತ್ರ. ನಿಂಬೆಹಣ್ಣು ಚಪ್ಪೆಂದು ಒಡೆದಾಗ ಮುನಿಆಂಜಿನಪ್ಪ ಮಗುವಿನ ಹಾಗೆ ನಕ್ಕ.

ಆಮೇಲೆ ಅವಳ ಸೈಕಲ್ ಹೊರಗೆ ಬಂತು. ಹಸಿರು, ಹೊಚ್ಚ ಹೊಸದು. ಲಕ್ಕಣ್ಣ ಕುಂಕುಮದ ಬಟ್ಟಲು ಎತ್ತಿಕೊಂಡ. ಅವಳನ್ನು ನೋಡಿದ. ಬಟ್ಟಲನ್ನು ತಿರುಗಿ ಗೂಡಿನಲ್ಲಿಟ್ಟ.

"ತಗೊಳ್ಳಿ."

"ಇದಕ್ಕೆ ಪೂಜೆ ಇಲ್ವಾ?"

"ನಿಮ್ಮದಕ್ಕೆ... ಬೇಡ ಅಂತ ಬಿಟ್ಟೆ."

ಅಷ್ಟೇ. ಅವಳ ಒಳಗೆ ಏನೋ ಸದ್ದಿಲ್ಲದೆ ಮುಚ್ಚಿಕೊಂಡಿತು. ಓಹೋ... ಇವನೂ!

ಹದಿನೈದು ದಿನಕ್ಕೊಮ್ಮೆ ನಟ್ಟು ಬಿಗಿ ಮಾಡಿಸಲು ತನ್ನಿ ಎಂದು ಅವನು ಹಿಂದಿನಿಂದ ಹೇಳಿದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಸೈಕಲ್ ಹತ್ತಲೂ ಇಲ್ಲ. ಯಶವಂತಪುರದಿಂದ ಜಾಲಹಳ್ಳಿಯವರೆಗೆ ಬಿಸಿಲಿನಲ್ಲಿ ಅದನ್ನು ತಳ್ಳಿಕೊಂಡೇ ನಡೆದಳು. ದಾರಿಹೋಕರು ಪಂಕ್ಚರ್ ಆಗಿದೆಯೇನೋ ಎಂದುಕೊಂಡರು.

ಮನೆಗೆ ಬಂದು ಅದನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿದಳು. ಒಂದು ಭಾನುವಾರ ಕಳೆಯಿತು. ಇನ್ನೊಂದು. ಶಾಲೆಯಿಂದ ಮನೆ, ಮನೆಯಿಂದ ಶಾಲೆ.

"ಯಾಕವ್ವ, ಓಗಾಕಿಲ್ವಾ?" ಅಕ್ಕಯ್ಯಮ್ಮ ಕೇಳಿದರು.

"ಸಾಕು ಅತ್ತೆ."

ಅತ್ತೆ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಇಬ್ಬರು ಹೆಂಗಸರು ಮೂರು ವರ್ಷದಿಂದ ಒಬ್ಬರನ್ನೊಬ್ಬರು ಕೇಳದೆಯೇ ಬದುಕಿದ್ದರು.

ಸೈಕಲ್ ತಂದ ಮೇಲಿನ ನಾಲ್ಕನೇ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಂಡಸಿನ ದನಿ ಕೇಳಿಸಿತು.

"ಸೈಕಲ್ ಅಂಗಡಿಯವ್ನು ತಾಯಿ. ನಟ್ಟು ಬಿಗಿ ಮಾಡ್ಬೇಕಿತ್ತು. ಟೀಚರಮ್ಮ ಬರ್ಲೇ ಇಲ್ಲ."

"ಮನೆಗಂಟ ಬಂದು ಬಿಗಿ ಮಾಡ್ತೀಯೇನಪ್ಪ? ಎಲ್ಲಾ ಗಿರಾಕಿಗೂ ಇಂಗೇನಾ?"

ಲಕ್ಕಣ್ಣ ಚೀಲದಿಂದ ಸ್ಪ್ಯಾನರ್ ತೆಗೆದ. ವೆಂಕಟಲಕ್ಷ್ಮಿ ಹೊರಗೆ ಬಂದು ಕೊಟ್ಟಿಗೆ ತೋರಿಸಿದಳು. ಅವನು ಕುಕ್ಕರಗಾಲಿನಲ್ಲಿ ಕೂತು ಟೈರಿನ ಮೇಲೆ ಬೆರಳಾಡಿಸಿದ. ಹೊಸ ರಬ್ಬರಿನ ಮೇಲೆ ಇರುವ ಸಣ್ಣ ಸಣ್ಣ ಎಳೆಗಳು ಹಾಗೇ ಇದ್ದವು.

"ಮೇಲೆ ತೂಕ ಬಿದ್ದಿದ್ರೆ ಇವು ಎರಡೇ ದಿನಕ್ಕೆ ಸವೆದುಹೋಗ್ತವೆ. ನೀವು ಇದನ್ನ ಹತ್ತೇ ಇಲ್ಲ."

"ಇಲ್ಲ."

"ಯಾಕೆ?"

ಅವಳು ತುಟಿ ಕಚ್ಚಿದಳು. ತಡೆಯಲಾಗಲಿಲ್ಲ.

"ಯಾಕೆ ಅಂತ ನಿಮಗೆ ಗೊತ್ತಿಲ್ವಾ? ಆ ರೈತನ ಸೈಕಲ್ಲಿಗೆ ಹಾರ, ಕುಂಕುಮ, ನಿಂಬೆಹಣ್ಣು. ನನ್ನದಕ್ಕೆ ಬೇಡ! ಮುಂಡೆ ತಗೊಂಡಿದ್ದಕ್ಕೆ ಪೂಜೆ ಮಾಡಿದ್ರೆ ಅಂಗಡಿಗೆ ಕೇಡು ಅಂತ ತಾನೇ? ಊರೆಲ್ಲ ಹಾಗೆ ಅಂದ್ಕೊಂಡ್ರೂ ಸಹಿಸ್ಕೊಂಡಿದ್ದೆ. ನೀವು... ನೀವು ಒಬ್ರು..."

ಲಕ್ಕಣ್ಣನ ಮುಖ ಬಿಳಿಚಿತು. ಎದ್ದು ನಿಂತ.

"ಅಯ್ಯೋ... ಹಾಗಲ್ಲ ಕಣ್ರೀ! ಬಟ್ಟಲು ಕೈಗೆ ತಗೊಂಡೆ. ನೀವು ಅದನ್ನೇ ನೋಡ್ತಿದ್ರಿ. ಜೀವ ಇಲ್ಲದ ಕಬ್ಬಿಣಕ್ಕೆ ಹಚ್ತೀನಿ, ಎದುರಿಗೆ ನಿಂತಿರೋ ಇವರ ಹಣೆಗೆ ಇಲ್ಲ... ಇದೆಂಥ ಶಾಸ್ತ್ರ ಅನ್ನಿಸ್ತು. ನಿಮ್ಮ ಕಣ್ಣೆದುರಿಗೆ ಹಚ್ಚೋಕೆ ನಂಗೆ ಕೈ ಬರ್ಲಿಲ್ಲ. ಅದನ್ನ ಬಾಯಿಬಿಟ್ಟು ಹೇಳೋ ಬುದ್ಧೀನೂ ಬರ್ಲಿಲ್ಲ."

ವೆಂಕಟಲಕ್ಷ್ಮಿ ಗೋಡೆಗೆ ಒರಗಿದಳು. ನಾಲ್ಕು ವಾರ... ತಾನು ದ್ವೇಷಿಸಿದ್ದು ಒಂದು ಕನಿಕರವನ್ನೇ? ಅಲ್ಲ, ಕನಿಕರವಲ್ಲ ಅದು. ಅವಳಿಗೆ ಗೊತ್ತಾಯಿತು.

"ಇನ್ನೊಂದು ತಪ್ಪೂ ಇದೆ," ಅಂದ ಅವನು, ನೆಲ ನೋಡುತ್ತ. "ಒಪ್ಪಿಸಿಬಿಡ್ತೀನಿ. ಮೂರನೇ ಭಾನುವಾರದ ಸೈಕಲ್ ನಿಮಗೆ ಸರಿಯಾಗೇ ಇತ್ತು. ಹ್ಯಾಂಡಲ್ ಬಾಗಲ್ಲಿ ಏನೂ ದೋಷ ಇರ್ಲಿಲ್ಲ."

"ಮತ್ತೆ?"

"ಸೈಕಲ್ ಸರಿಹೋದ್ರೆ ನೀವು ಬರೋದು ನಿಂತುಹೋಗುತ್ತಲ್ಲ..."

ಅವಳಿಗೆ ಅಳು ಬಂತು. ಅಳುವಿನ ನಡುವೆಯೇ ನಗುವೂ ಬಂತು. ಮೂರು ವರ್ಷದಿಂದ ಎರಡೂ ಬಂದಿರಲಿಲ್ಲ!

"ಐದು ವಾರ ಸುಳ್ಳು ಹೇಳಿದ್ರಾ?"

"ಐದೂ ಸುಳ್ಳೇ."

"ನಂಗೂ ಗೊತ್ತಿತ್ತು ಅನ್ಸುತ್ತೆ," ಅಂದಳು ಬಲು ಮೆಲ್ಲಗೆ. "ಆದ್ರೂ ಬರ್ತಿದ್ದೆ."

ಕೊಟ್ಟಿಗೆಯ ಬಾಗಿಲಲ್ಲಿ ಅಕ್ಕಯ್ಯಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ! ಕೈಯಲ್ಲಿ ದೇವರ ಗೂಡಿನ ಕುಂಕುಮದ ಭರಣಿ. ಅವರೂ ಇಪ್ಪತ್ತು ವರ್ಷದಿಂದ ಬೋಳು ಹಣೆಯವರು. ಸರಸರ ಬಂದು ಹ್ಯಾಂಡಲ್ಲಿನ ಮೇಲೆ ದಪ್ಪಗೆ ಕುಂಕುಮ ಮೆತ್ತಿದರು.

"ಅಚ್ಚಿದೋರು ಯಾರು ಅಂತ ಕಬ್ಬಿಣಕ್ಕೆ ಗೊತ್ತಾಯ್ತದಾ? ಓದಿರೋರು ನೀವೇ ಇಂಗೆ ಒದ್ದಾಡಿದ್ರೆ ಎಂಗೆ!"

"ಅತ್ತೆ..."

"ಸುಮ್ಕಿರು. ನನ್ ಮಗ ಸತ್ತೋದ. ಅವನ ಇಂದೇ ನೀನೂ ಓದಂಗೇ ಆಗಿದ್ದೆ. ಇವತ್ತು ನೀನು ಬೈಯ್ದಿದ್ದು ಅಡುಗೆ ಮನೆಗಂಟ ಕೇಳುಸ್ತು. ಕೇಳಿ ನಂಗೆ ಒಟ್ಟೆ ತಣ್ಣಗಾಯ್ತು." ಸೆರಗಿನಿಂದ ಮೂಗೊರೆಸಿಕೊಂಡು ಲಕ್ಕಣ್ಣನ ಕಡೆ ತಿರುಗಿದರು. "ನಮ್ಮಲ್ಲಿ ಮತ್ತೆ ಸೀರೆ ಉಡ್ಸಿ ಲಗ್ನ ಮಾಡೋದು ಒಸದೇನಲ್ಲ ಕಣಪ್ಪ. ನನ್ ಚಿಕ್ಕವ್ವಂಗೂ ಉಡ್ಸಿದ್ರು. ಇವಳು ಊಂ ಅಂದ್ರೆ ನಿಮ್ಮ ಕಡೆಯೋರ್ನ ಕರ್ಕಂಡು ಬಾ. ಊಂ ಅನ್ನದೇ ಇದ್ರೆ ನಟ್ಟು ಬಿಗಿ ಮಾಡಿ ಒಂಟೋಗು."

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟರು.

ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಿತ್ತು. ಲಕ್ಕಣ್ಣ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ವೆಂಕಟಲಕ್ಷ್ಮಿ ಹ್ಯಾಂಡಲ್ಲಿನ ಕುಂಕುಮವನ್ನು ನೋಡಿದಳು. ಇವನು ಹೊರಟುಹೋದರೆ ನಾಳೆಯೂ ನಿನ್ನೆಯ ಹಾಗೇ ಇರುತ್ತದೆ. ಬೇಡ ಅನ್ನಿಸಿತು. ಆದರೆ ಸುಳ್ಳು ಹೇಳಿ ಒಪ್ಪಿಕೊಳ್ಳುವುದೂ ಬೇಡ.

"ನಂಗೆ ಅವರ ನೆನಪು ಇನ್ನೂ ಬರುತ್ತೆ."

"ಬರ್ಲಿ."

"ದಿನಾ ಬರುತ್ತೆ."

"ದಿನಾ ಬರ್ಲಿ. ಅದನ್ನ ಬಿಟ್ಟು ಬನ್ನಿ ಅಂತ ನಾನು ಕೇಳಲ್ಲ."

ಅವಳು ತಲೆಯೆತ್ತಿದಳು. ಅವನ ಕಣ್ಣು ಒದ್ದೆಯಾಗಿತ್ತು.

"ಊಂ," ಅಂದಳು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗಲು ಹೋಗಿ, ಆಗದೆ, ಸೈಕಲ್ಲಿನ ಮುಂದೆ ಕೂತು ನಟ್ಟು ಬಿಗಿ ಮಾಡತೊಡಗಿದ. ತಲೆ ಬಗ್ಗಿಸಿಯೇ ಕೇಳಿದ.

"ಅವರ ಹೆಸರೇನು?"

ವೆಂಕಟಲಕ್ಷ್ಮಿ ತಡವರಿಸಿದಳು. ಗಂಡನ ಹೆಸರನ್ನು ಹೆಂಡತಿ ಹೇಳುವ ಪದ್ಧತಿಯಿಲ್ಲ. ಅವನಿದ್ದಾಗ 'ಇವರು', ಹೋದ ಮೇಲೆ 'ಅವರು'. ಆ ಹೆಸರು ಅವಳ ಎದೆಯೊಳಗೇ ಉಳಿದಿತ್ತು, ನಾಲಿಗೆಗೆ ಒಮ್ಮೆಯೂ ಬಂದಿರಲಿಲ್ಲ.

"ಮುನಿವೆಂಕಟಯ್ಯ," ಅಂದಳು.

"ಮುನಿವೆಂಕಟಯ್ಯ..." ಲಕ್ಕಣ್ಣ ಮೆಲ್ಲಗೆ ಹೇಳಿ ನೋಡಿದ. "ಹೇಗಿದ್ರು?"

"ತುಂಬಾ ನಗಿಸ್ತಿದ್ರು."

"ಹೇಳಿ," ಅಂದ ಅವನು. "ನಾನು ಕೇಳ್ತಾ ಇರ್ತೀನಿ."