ತುದಿಯಲ್ಲಿದ್ದ ಹಸಿರು ಬೆಳಕು

"ನನ್ನ ಲೇಖನ ಕಳಿಸಬೇಡಿ ಅಂತ ಮೇಡಂಗೆ ಹೇಳಿದ್ದು ನೀವೇನಾ?"

ಮೈಕ್ರೋಸ್ಕೋಪ್ ಮುಂದೆ ಕುಳಿತಿದ್ದವನು ತಲೆ ಎತ್ತಿದ. ಆ ಯಂತ್ರವನ್ನು ನೋಡಿಕೊಳ್ಳಲೆಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹೊಸದಾಗಿ ಸೇರಿಸಿಕೊಂಡವನು. ಅವಳು ಅವನನ್ನು ಮಾತನಾಡಿಸಿದ್ದು ಅದೇ ಮೊದಲು.

"ಹೌದು. ಒಂದು ವಾರ ತಡೀರಿ ಅಂದೆ."

ಅವಳ ಕಣ್ಣು ತುಂಬಿ ಬಂತು. ಆ ಸಂಶೋಧನಾ ಲೇಖನಕ್ಕಾಗಿ ವರ್ಷಗಟ್ಟಲೆ ನಿದ್ದೆಗೆಟ್ಟು ದುಡಿದಿದ್ದಳು. ಅವಳು ಅಭ್ಯಾಸ ಮಾಡುತ್ತಿದ್ದ, ಕಾಯಿಲೆ ತರುವ ಏಕಕೋಶ ಜೀವಿ ಚಾವಟಿಯಂಥ ಬಾಲ ಬೀಸುತ್ತಾ ಈಜುತ್ತದೆ. ಅದನ್ನು ಮುಂದಕ್ಕೆ ಒಯ್ಯುವ ಪ್ರೋಟೀನು ಬಾಲದ ಬುಡದಲ್ಲಿದೆ ಎಂದು ಅವಳು ಬರೆದಿದ್ದಳು.

'ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದನಲ್ಲ ಈ ಮಹಾರಾಯ...'

ಕಾರಣವನ್ನೂ ಕೇಳದೆ ಹೊರಟುಬಂದಳು. ಅವನ ಮುಖ ನೋಡುವುದೇ ಬೇಡವೆಂದು, ಅದೇ ಕೋಣೆಯಲ್ಲಿ ತಾನು ಸಾಕುತ್ತಿದ್ದ ಆ ಜೀವಿಗಳ ಕಡೆಗೂ ಆಮೇಲೆ ಸುಳಿಯಲಿಲ್ಲ. ಫೋನಿನಲ್ಲಿ ತಂಗಿಯ ಬಳಿ ಮಾತ್ರ ದಿನವೂ ಅವನನ್ನು ಬೈದಳು.

"ಅಕ್ಕಾ, ಬೈಯೋಕಾದ್ರೂ ದಿನಾ ಅವರ ವಿಷಯಾನೇ ಎತ್ತುತ್ತೀಯಲ್ಲ," ಎಂದು ತಂಗಿ ನಕ್ಕಳು.

ವಾರ ಕಳೆದ ಮೇಲೆ ಮೇಡಂ ಬಲವಂತಕ್ಕೆ ಅವಳು ಆ ಕೋಣೆಗೆ ಹೋದಳು. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.

"ನೀವು ಗಾಜಿನ ಮೇಲೆ ಒಣಗಿಸಿ ನೋಡಿದ್ರಿ. ಈಗ ಜೀವಂತ ಇರೋದನ್ನ ನೋಡಿ."

ನೋಡಿದಳು. ಗುರುತಿಗೆಂದು ಪ್ರೋಟೀನಿಗೆ ಅಂಟಿಸಿದ್ದ ಹಸಿರು ಬೆಳಕು ಬುಡದಲ್ಲಿರಲಿಲ್ಲ, ಬಾಲದ ತುದಿಯಲ್ಲಿತ್ತು. ಒಣಗುವಾಗ ಬಾಲ ಮಡಚಿಕೊಂಡು ತುದಿಯೇ ಬುಡದ ಮೇಲೆ ಬಿದ್ದಿತ್ತು! ಇಲ್ಲಿ ಬಾಲದ ಅಲೆ ತುದಿಯಲ್ಲಿ ಎದ್ದು ಬುಡಕ್ಕೆ ಹರಿಯುತ್ತಿತ್ತು, ಜೀವಿ ಮುಂದೆ ಸಾಗುತ್ತಿತ್ತು. ಆ ಪ್ರೋಟೀನು ತೆಗೆದುಹಾಕಿದ ಜೀವಿಗಳು ಪಕ್ಕದ ತಟ್ಟೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತಿದ್ದವು.

ತಪ್ಪು ಅಚ್ಚಾಗಿದ್ದರೆ... ಅವಳು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ಅವನ ಕಡೆ ತಿರುಗಿದಳು.

"ಮೊದಲು ನನಗೇ ಹೇಳಬಹುದಿತ್ತಲ್ವಾ?"

"ಅವತ್ತು ಹೇಳೋಕೇ ಬಂದಿದ್ದೆ. ನೀವು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ರಿ. ಲೇಖನ ಸಂಜೆಗೇ ಹೋಗೋದಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಅದಕ್ಕೆ ಮೇಡಂಗೆ ಹೇಳಿದೆ."

ಅವಳಿಗೆ ಇನ್ನೊಂದು ವಿಷಯ ಹೊಳೆಯಿತು.

"ವಾರದಿಂದ ನಾನು ಇವಕ್ಕೆ ಆಹಾರಾನೇ ಹಾಕಿಲ್ಲ. ಸತ್ತುಹೋಗಬೇಕಿತ್ತು..."

"ನಾನು ಹಾಕ್ತಿದ್ದೆ. ಕೋಪ ನನ್ನ ಮೇಲೆ ತಾನೇ, ಇವೇನು ಮಾಡಿದ್ವು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ದಿನ ಬೈದವನಿಗೆ ಕೈ ಮುಗಿಯಬೇಕೆನಿಸಿತು. ಮನಸ್ಸು ಅಷ್ಟಕ್ಕೇ ನಿಲ್ಲದು ಎಂದೂ ಅನಿಸಿತು.

"ಥ್ಯಾಂಕ್ಸ್ ಅಂದ್ರೆ ಸಾಲಲ್ಲ. ನಾಳೆಯಿಂದ ಇಬ್ಬರೂ ಸೇರಿ ಇವನ್ನ ಸಾಕೋಣ."

"ಎಲ್ಲೀವರೆಗೆ?"

"ನೀವೇ ಹೇಳಿ."

"ನೀವು ಸಾಕು ಅನ್ನೋವರೆಗೆ."

ಅವಳು ಅವನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡಳು.

"ನಾನು ಸಾಕು ಅನ್ನಲ್ಲ."