ಎದೆಜೇಬಿನ ಕೋನ್ ಶಂಖ

"ಕಣ್ಣು ಮುಚ್ಚಿ, ಚಿಪ್ಪು ಮೇಡಂ!"

ಮ್ಯೂಸಿಯಮ್ಮಿನಲ್ಲಿ ನನ್ನನ್ನು ಹಾಗೆ ಕರೆಯುವ ಧೈರ್ಯ ಡೈವರ್‌ಗೆ ಮಾತ್ರ. ಹಡಗುಗಳ ತಳ ರಿಪೇರಿಗೆ ನೀರಿಗಿಳಿಯುವ ಈ ಮಹಾಶಯ ಎರಡು ವರ್ಷದಿಂದ ವಾರಕ್ಕೊಂದು ಖಾಲಿ ಚಿಪ್ಪು ಹಿಡಿದು ಹಾಜರಾಗುತ್ತಿದ್ದ. ನಾನು ಲೇಬಲ್ ಬರೆದು ಮುಗಿಸುವವರೆಗೂ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದ. ನಾನೂ ಬೇಕೆಂದೇ ನಿಧಾನವಾಗಿ ಬರೆಯುತ್ತಿದ್ದೆ. ಅದಕ್ಕಿಂತ ಮುಂದೆ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಈವತ್ತು ಅವನ ಎದೆಜೇಬಿನಿಂದ ಕಂದು ಚಿತ್ತಾರದ ದಪ್ಪ ತುದಿಯೊಂದು ಇಣುಕುತ್ತಿತ್ತು. ಕೋನ್ ಶಂಖ! ನಮ್ಮ ಸಂಗ್ರಹದಲ್ಲಿ ಇಲ್ಲದ ಜಾತಿ.

"ಎಲ್ಲಿ ಸಿಕ್ತು?" ಪೆನ್ನು ಎತ್ತಿಕೊಂಡೆ.

"ಬಂಡೆ ಪಕ್ಕ, ಮರಳಲ್ಲಿ ಹೂತ್ಕೊಂಡಿತ್ತು. ಸಣ್ಣ ಸೊಂಡಿಲಿನ ಥರ ಏನೋ ಹೊರಗೆ ಕಾಣ್ತಿತ್ತು. ಪಾಚಿ ಅಂತ ಕೆದಕಿದೆ, ಇದು ಬಂತು."

ಪೆನ್ನು ಕೆಳಗಿಟ್ಟೆ. ಹಗಲಿಡೀ ಮರಳೊಳಗೆ ಅಡಗಿ, ಉಸಿರಿನ ಕೊಳವೆ ಮಾತ್ರ ಹೊರಗಿಟ್ಟುಕೊಂಡಿರುವುದು ಜೀವವಿರುವ ಕೋನ್. ವಿಷದ ಮುಳ್ಳು ಚುಚ್ಚಿ ಮೀನು ನುಂಗುವ ಪ್ರಾಣಿ. ಮನುಷ್ಯರನ್ನೂ ಕೊಂದಿದೆ, ಅದರ ವಿಷಕ್ಕೆ ಮದ್ದಿಲ್ಲ.

"ಅಲ್ಲಾಡಬೇಡ! ಅದು ಬದುಕಿದೆ!"

"ತಮಾಷೆ ಸಾಕು ಮೇಡಂ..."

"ಅಲ್ಲಾಡಬೇಡ ಅಂದ್ನಲ್ಲ! ಉಸಿರು ಬಿಗಿಹಿಡಿ!"

ಉದ್ದ ಚಿಮಟದಿಂದ ದಪ್ಪ ತುದಿಯನ್ನು ಹಿಡಿದು, ಮೆಲ್ಲಗೆ ಎಳೆದು ಗಾಜಿನ ಜಾಡಿಗೆ ಹಾಕಿದೆ. ಚೂಪು ತುದಿಯಿಂದ ನಸುಗೆಂಪು ಕೊಳವೆಯೊಂದು ಹೊರಬಂದು, ಗಾಜನ್ನು ತಡಕಾಡಿತು. ಡೈವರ್‌ನ ಮುಖ ಬಿಳಿಚಿಕೊಂಡಿತು.

"ಅಂಗಿ ಬಿಚ್ಚು."

"ಇಲ್ಲೇನಾ?" ನಗಲು ನೋಡಿದ.

ನಾನೇ ಗುಂಡಿ ಬಿಚ್ಚಿದೆ. ಭೂತಗನ್ನಡಿ ಹಿಡಿದು ಎದೆಯ ಮೇಲೆ ಇಂಚಿಂಚೂ ಹುಡುಕಿದೆ. ಎಲ್ಲೂ ಚುಚ್ಚಿದ ಗುರುತಿರಲಿಲ್ಲ. ಮತ್ತೊಮ್ಮೆ ಹುಡುಕಿದೆ. ಆಮೇಲೆ ನೆಲದ ಮೇಲೆ ಕುಸಿದು ಕೂತು ಅಳತೊಡಗಿದೆ.

ಅವನು ಪಕ್ಕದಲ್ಲೇ ಕೂತ. "ಏನೂ ಆಗಿಲ್ಲ ನೋಡಿ..."

"ಆಗಿದ್ರೆ? ಎರಡು ವರ್ಷದಿಂದ ಒಂದು ಮಾತು ನುಂಗ್ಕೊಂಡು ಕೂತಿದ್ದೀನಿ. ನೀನು ಸತ್ತೇ ಹೋಗಿದ್ರೆ ನಿನ್ನನ್ನ ಪ್ರೀತಿಸ್ತೀನಿ ಅಂತ ಯಾರ ಹತ್ರ ಹೇಳ್ಲಿ?"

ಅವನು ನನ್ನ ಬೆರಳು ಹಿಡಿದ.

"ನಂಗೆ ಚಿಪ್ಪಿನ ಹುಚ್ಚೇ ಇಲ್ಲ ಮೇಡಂ. ನಿಮ್ಮನ್ನ ನೋಡೋಕೆ ಬರಿಗೈಲಿ ಹೇಗೆ ಬರ್ಲಿ ಅಂತ..."

"ಬರಿಗೈಲೇ ಬಾ ಮಾರಾಯ," ಎಂದೆ. "ಆದ್ರೆ ದಿನಾ ಬಾ."